ಬಾವೊಚಿನ್ ಮೀನಿನ ರೆಕ್ಕೆ ಕತ್ತರಿಸಿದ್ದು

ನೀರು ಒಂದೇ, ಗಾಳಿ ಒಂದೇ, ಹಾಕುವ ತಿನಿಸೂ ಒಂದೇ ಅಂಗಡಿಯದು. ಆದರೂ ಒಬ್ಬರ ಪಂಜರದ ಮೀನು ಸಾಯುತ್ತದೆ, ಪಕ್ಕದವರ ಪಂಜರದ ಮೀನು ಬಾಲ ಬಡಿದುಕೊಂಡು ಆಡುತ್ತಿರುತ್ತದೆ. ಹೀಗಾದಾಗ ಮನುಷ್ಯರ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ಸಾಂದು ಕೊಲ್ಲಿಯ ತೇಲುಮನೆಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಬಾವೊಚಿನ್‌ಳನ್ನು ಕೇಳಿದರೆ ಮಾತ್ರ ಹೇಳುವುದಿಲ್ಲ. ಅದು ಆಗುತ್ತಿದ್ದುದು ಅವಳ ಹೊಟ್ಟೆಯಲ್ಲೇ.

ಬಾವೊಚಿನ್ ದೊಡ್ಡ ಸೊಸೆ. ಅವಳ ಓರಗಿತ್ತಿ ಯುನ್‌ಶಿಯಾ ಚಿಕ್ಕ ಸೊಸೆ. ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು, ತೆಪ್ಪದ ಚೌಕಟ್ಟುಗಳಿಂದ ಕಡಲಿಗೆ ಬಲೆ ಇಳಿಬಿಟ್ಟು ಮಾಡಿದ ಮೀನಿನ ಪಂಜರಗಳನ್ನು ಪಾಲು ಮಾಡಿಕೊಂಡರು. ಒಂದಿದ್ದ ತೆಪ್ಪ ಎರಡಾಯಿತು, ನಡುವೆ ಓಡಾಡಲು ಒಂದು ಹಲಗೆ ಉಳಿಯಿತು. ತಮ್ಮ ಸರಕು ಹಡಗಿನ ಕೆಲಸಕ್ಕೆ ಹೋದ; ಅವನ ತೆಪ್ಪವನ್ನು ಯುನ್‌ಶಿಯಾ ಒಬ್ಬಳೇ ನೋಡಿಕೊಂಡಳು. ಅಣ್ಣ ದೆಶೂ ಹೆಂಡತಿ ಬಾವೊಚಿನ್ ಹೇಳಿದಂತೆ ಕೇಳಿಕೊಂಡು ಇಲ್ಲೇ ಉಳಿದ. ಅತ್ತೆ ಆ ಹಲಗೆಯ ಮೇಲೆ ಆಚೆಗೂ ಈಚೆಗೂ ಓಡಾಡಿ, ಎರಡೂ ಮನೆಯಲ್ಲಿ ಉಂಡು, ಎರಡೂ ಮನೆಯ ಅಡುಗೆಯಲ್ಲಿ ಹುಳುಕು ಹುಡುಕಿ ಸುಖವಾಗಿದ್ದಳು.

ಇಬ್ಬರೂ ಸಾಕುತ್ತಿದ್ದುದು ಹಳದಿ ಮೀನು. ಇಡೀ ಕೊಲ್ಲಿ ಸಾಕುವುದೂ ಅದನ್ನೇ. ಆ ಮೀನಿಗೆ ಒಂದು ಕಾಟವಿದೆ, ಬಿಳಿಚುಕ್ಕೆ ರೋಗ. ಮೈಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಚುಕ್ಕೆ ಏಳುತ್ತದೆ. ಮೀನು ಬಲೆಗೆ ಮೈ ಉಜ್ಜಿಕೊಳ್ಳುತ್ತದೆ, ತಿನಿಸು ಬಿಡುತ್ತದೆ, ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತದೆ, ಕೊನೆಗೆ ಹೊನ್ನಿನ ಬಣ್ಣದ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತದೆ. ಹೋದ ವರ್ಷ ಚಳಿ ಹತ್ತಿರ ಬರುವಾಗ ಈ ರೋಗ ಬಂತು. ಬಾವೊಚಿನ್‌ಳ ಪಂಜರಗಳಲ್ಲಿ ಬಹುಪಾಲು ಮೀನು ಸತ್ತವು. ಹಲಗೆಯ ಆಚೆ ಯುನ್‌ಶಿಯಾಳ ಪಂಜರಗಳಲ್ಲೂ ಸತ್ತವು, ಆದರೆ ಅಲ್ಲೊಂದು ಇಲ್ಲೊಂದು.

ಬಾವೊಚಿನ್ ಅಂದಿನಿಂದ ಸರಿಯಾಗಿ ಉಣ್ಣಲಿಲ್ಲ. ಬೆಳಗಾದರೆ ಅವಳ ಕಣ್ಣು ತನ್ನ ಪಂಜರಕ್ಕಿಂತ ಮೊದಲು ಓರಗಿತ್ತಿಯ ಪಂಜರದ ಕಡೆ ಹೋಗುತ್ತಿತ್ತು. ಪಾಲಾಗುವಾಗ ಒಳ್ಳೆಯ ಸೆಳೆತವಿರುವ ಕಡೆಯ ನೀರನ್ನು ಯುನ್‌ಶಿಯಾಳೇ ಹೊಡೆದುಕೊಂಡಳು ಎಂದಳು. ಕಡಲ ತಾಯಿ ಮಾಝುವಿನ ಗುಡಿಯಲ್ಲಿ ಏನೋ ಗುಟ್ಟಿನ ಹರಕೆ ಹೊತ್ತಿದ್ದಾಳೆ ಎಂದಳು. ಊರಿನವರಿಗೆ ಗೊತ್ತಿಲ್ಲದ ಔಷಧಿ ತರಿಸಿದ್ದಾಳೆ ಎಂದಳು. ದೆಶೂ ಎಲ್ಲದಕ್ಕೂ ಹೂಂ ಎಂದು ಬಲೆಯ ಹರುಕು ಹೊಲಿಯುತ್ತಿದ್ದ. ಒಮ್ಮೆ ಮಾತ್ರ, ಅಷ್ಟೆಲ್ಲ ಅನುಮಾನ ಪಡುವ ಬದಲು ಹೋಗಿ ಅವಳನ್ನೇ ಕೇಳಬಾರದೇ ಎಂದ. ಬಾವೊಚಿನ್ ಆ ದಿನ ಅವನಿಗೆ ಸಾರು ಬಿಸಿ ಮಾಡಿ ಕೊಡಲಿಲ್ಲ.

ಕೇಳುವುದು ಅವಳಿಂದ ಆಗದ ಕೆಲಸವಾಗಿತ್ತು. ದೊಡ್ಡ ಸೊಸೆ ಚಿಕ್ಕ ಸೊಸೆಯ ಮುಂದೆ ಹೋಗಿ ನಿಂತು, ನಿನ್ನ ಮೀನು ಹೇಗೆ ಬದುಕಿತು ಹೇಳೇ ತಾಯಿ ಎನ್ನಬೇಕೇ? ಯುನ್‌ಶಿಯಾ ತಾನಾಗಿಯೇ ಒಂದೆರಡು ಸಲ, ಮೀನಿನ ಸಂಶೋಧನಾ ಕೇಂದ್ರದ ಲಾನ್ ಟೀಚರ್ ಹತ್ತಿರ ಒಮ್ಮೆ ಮಾತಾಡಿ ನೋಡಿ ಅಕ್ಕ ಎಂದಿದ್ದಳು. ಅದೂ ಬಾವೊಚಿನ್‌ಳ ಕಿವಿಗೆ ಜಂಬದ ಹಾಗೆಯೇ ಕೇಳಿಸಿತು.

ಬೆಳೆದ ಮೀನು ಉಳಿದದ್ದು ಒಂದು ಪಂಜರದಷ್ಟು ಮಾತ್ರ. ಅಳಿದುಳಿದ ಬೇರೆ ಪಂಜರದ ಮೀನುಗಳನ್ನೂ ಅವಳು ಅದಕ್ಕೇ ತುಂಬಿಸಿದಳು. ಇಕ್ಕಟ್ಟಾಗುತ್ತದೆ ಎಂದು ದೆಶೂ ಹೇಳಿದ. ಆಗಲಿ, ಎಂದಳು. ಆಚೆಯಿಂದ ನೋಡಿದವರಿಗೆ ಪಂಜರ ತುಂಬಿರುವುದು ಕಾಣಬೇಕಿತ್ತು.

ಆ ಪಂಜರ ಹೋದರೆ ಈ ಮನೆಗೆ ಇನ್ನು ಮೀನಿಲ್ಲ. ಅದಕ್ಕಿಂತ ಮೊದಲು ಮಾನ ಹೋಗುತ್ತಿತ್ತು. ಮಗನಿಗೆ ಹೊಸ ವರ್ಷದ ಸಮಯದಲ್ಲಿ ಮದುವೆಯಾಗಿತ್ತು. ಐದನೇ ತಿಂಗಳ ದೋಣಿ ಹಬ್ಬಕ್ಕೆ ಮುಂಚೆ ಗಂಡಿನ ಮನೆಯವರು ಹೆಣ್ಣಿನ ಮನೆಗೆ ಒಂದು ಜೊತೆ ಹಳದಿ ಮೀನು ತೆಗೆದುಕೊಂಡು ಹೋಗಬೇಕು. ಮೊದಲ ವರ್ಷವಂತೂ ಬೀಗಿತ್ತಿಯ ಮನೆಯ ಹೆಂಗಸರೆಲ್ಲ ಮೀನಿನ ಉದ್ದ, ಬಣ್ಣ, ತುಟಿಯ ಕೆಂಪು ಎಲ್ಲವನ್ನೂ ನೋಡುತ್ತಾರೆ. ಮೀನು ಸಾಕುವವರ ಮನೆಯಿಂದ ಕೊಂಡ ಮೀನು ಹೋದರೆ ನಗುತ್ತಾರೆ. ಓರಗಿತ್ತಿಯ ಪಂಜರದ ಮೀನು ಹೋಗುವುದನ್ನಂತೂ ಬಾವೊಚಿನ್ ಯೋಚಿಸಲೂ ಸಿದ್ಧಳಿರಲಿಲ್ಲ.

ಹಬ್ಬ ಹತ್ತಿರ ಬಂತು. ಮರಳಿ ಚುಕ್ಕೆಯೂ ಬಂತು.

ಮೊದಲು ನೋಡಿದವನು ದೆಶೂ. ಒಂದೆರಡು ಮೀನು ಬಲೆಗೆ ಮೈ ಉಜ್ಜುತ್ತಿವೆ, ಕೇಂದ್ರಕ್ಕೆ ಫೋನ್ ಮಾಡೋಣ ಎಂದ. ಬಾವೊಚಿನ್ ಬೇಡ ಎಂದಳು. ಅವಳಿಗೆ ಬೇರೆ ಏನೋ ಹೊಳೆದಿತ್ತು. ಹೊಳೆದದ್ದಲ್ಲ, ಚಳಿಗಾಲವಿಡೀ ಅವಳು ಅದನ್ನೇ ಮೆಲುಕು ಹಾಕುತ್ತಿದ್ದಳು.

ಹೋದ ವರ್ಷ ಬೇಸಿಗೆಯಲ್ಲಿ ಲಾನ್ ಟೀಚರ್ ದೋಣಿಯಲ್ಲಿ ಬಂದಿದ್ದಳು. ಯುನ್‌ಶಿಯಾಳ ತೆಪ್ಪದ ಮೇಲೆ ತೊಟ್ಟಿ ಇಟ್ಟು, ಮೀನುಗಳನ್ನು ಒಂದೊಂದಾಗಿ ಎತ್ತಿ, ಬಾಲದ ರೆಕ್ಕೆಯ ತುದಿಯಿಂದ ಅಕ್ಕಿಕಾಳಿನಷ್ಟು ತುಣುಕು ಕತ್ತರಿಸಿ, ಪುಟ್ಟ ಕೊಳವೆಗೆ ಹಾಕಿ, ಮೀನನ್ನು ನೀರಿಗೆ ಬಿಟ್ಟಿದ್ದಳು. ಅಲ್ಲಿ ಮುಗಿಸಿ ಬಾವೊಚಿನ್‌ಳ ತೆಪ್ಪಕ್ಕೂ ಬಂದು ಕೇಳಿದ್ದಳು. ನನ್ನ ಮೀನಿಗೆ ಯಾರೂ ಕತ್ತರಿ ಹಾಕುವುದು ಬೇಡ ಎಂದು ಬಾವೊಚಿನ್ ಕಳಿಸಿಬಿಟ್ಟಿದ್ದಳು. ನಿಜವಾದ ಸಿಟ್ಟು ಬೇರೆಯದಕ್ಕೆ: ಮೊದಲು ದೊಡ್ಡ ಸೊಸೆಯ ತೆಪ್ಪಕ್ಕೆ ಬರಬೇಕಿತ್ತು.

ಈಗ ಅವಳಿಗೆ ಎಲ್ಲ ಕೂಡಿಬಂದಿತು. ಬೇಸಿಗೆಯಲ್ಲಿ ಯುನ್‌ಶಿಯಾಳ ಮೀನಿನ ರೆಕ್ಕೆ ಕತ್ತರಿಸಿದರು. ಚಳಿಗೆ ರೋಗ ಬಂದಾಗ ಅವಳ ಮೀನು ಬದುಕಿದವು. ಹಾಗಾದರೆ ಅದು ಮೀನಿನ ಲಸಿಕೆ. ಮಗ ಹಸುಗೂಸಾಗಿದ್ದಾಗ ತೋಳಿಗೆ ಲಸಿಕೆ ಹಾಕಿಸಿದ್ದರ ಗುರುತು ಇನ್ನೂ ಇದೆ. ಮೀನಿಗೆ ತೋಳಿಲ್ಲ, ಅದಕ್ಕೆ ರೆಕ್ಕೆಗೆ ಹಾಕುತ್ತಾರೆ. ಯುನ್‌ಶಿಯಾ ಈ ವಿಷಯ ಬಾಯಿಬಿಡದೆ ನುಂಗಿಕೊಂಡಿದ್ದಾಳೆ. ಇರಲಿ. ಕತ್ತರಿ ಅವಳ ಮನೆಯಲ್ಲಿ ಮಾತ್ರ ಇದೆಯೇ?

ಯುನ್‌ಶಿಯಾ ದಡದ ಸಂತೆಗೆ ಹೋದ ದಿನ ಬಾವೊಚಿನ್ ಬಟ್ಟೆ ಹೊಲಿಯುವ ಕತ್ತರಿ ತಂದು ಪಂಜರದ ಅಂಚಿಗೆ ಕೂತಳು. ದೆಶೂ ಕೈಬಲೆಯಲ್ಲಿ ಮೀನು ಎತ್ತಿಕೊಡಬೇಕು, ಅವಳು ಕತ್ತರಿಸಿ ಬಿಡಬೇಕು. ಹಳದಿ ಮೀನು ಎಂದರೆ ಬಹಳ ಗಾಬರಿಯ ಜೀವ. ಹಿಡಿದರೆ ಗುರ್ ಗುರ್ ಎನ್ನುತ್ತದೆ, ಒದ್ದಾಡಿದರೆ ಹುರುಪೆ ಉದುರುತ್ತದೆ, ಹುರುಪೆ ಉದುರಿದ ಮೀನು ಉಳಿಯುವುದು ಕಷ್ಟ. ಇದೆಲ್ಲ ಬಾವೊಚಿನ್‌ಗೆ ಗೊತ್ತಿಲ್ಲದ್ದಲ್ಲ. ಹುಟ್ಟಿದಾಗಿನಿಂದ ನೀರಿನ ಮೇಲೇ ಬೆಳೆದವಳು. ಆದರೆ ಹೊಟ್ಟೆಕಿಚ್ಚು ಬಂದರೆ ಗೊತ್ತಿದ್ದದ್ದೂ ಗೊತ್ತಿಲ್ಲದ ಹಾಗೆ ಆಗುತ್ತದೆ. ಚುಕ್ಕೆ ಇದ್ದ ಮೀನಿಗೂ, ಚುಕ್ಕೆ ಇಲ್ಲದ ಮೀನಿಗೂ ಅದೇ ಕತ್ತರಿ. ಅಕ್ಕಿಕಾಳಿನಷ್ಟು ಸಾಲದು ಎನ್ನಿಸಿ ಉಗುರಿನಷ್ಟು ಕತ್ತರಿಸಿದಳು. ಹೆಚ್ಚು ಕತ್ತರಿಸಿದರೆ ಓರಗಿತ್ತಿಯ ಮೀನಿಗಿಂತ ತನ್ನವು ಗಟ್ಟಿಯಾಗಬಹುದು ಎಂಬ ಆಸೆಯೂ ಇತ್ತು.

ಅತ್ತೆ ಹಲಗೆ ದಾಟಿ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಏನೇ ಇದು, ಮೀನಿಗೆ ಕ್ಷೌರ ಮಾಡ್ತಾ ಇದ್ದೀಯಾ?"

"ಲಸಿಕೆ ಅತ್ತೆ. ನಿಮ್ಮ ಚಿಕ್ಕ ಸೊಸೆ ಹಾಕಿಸಿದ್ಲಲ್ಲ, ಅದೇ."

"ಅವಳು ಬಾವಿಗೆ ಬಿದ್ರೆ ನೀನು ಹಗ್ಗ ತಗೊಂಡು ಹೋಗ್ತೀಯಾ, ಇಲ್ಲ ನೀನೂ ಬೀಳ್ತೀಯಾ?"

ಬಾವೊಚಿನ್ ಮುಂದಿನ ಮೀನಿಗೆ ಕೈ ಚಾಚಿದಳು. ದೆಶೂ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಇನ್ನೊಂದು ಮೀನು ಎತ್ತಿದ.

ಎರಡು ದಿನ ಕಳೆಯುವಷ್ಟರಲ್ಲಿ ಪಂಜರದ ತುಂಬ ಮೀನು ತೇಲತೊಡಗಿದವು. ಕತ್ತರಿಸಿದ ಗಾಯ ಬೆಳ್ಳಗೆ ಕೊಳೆತು ಬಾಲ ಹರಿದು ಹೋಗಿತ್ತು. ಗಾಯವಿಲ್ಲದ ಕಡೆ ಚುಕ್ಕೆ. ಬಾವೊಚಿನ್ ಅಳಲಿಲ್ಲ. ಅಳುವುದು ಆಚೆಯ ತೆಪ್ಪಕ್ಕೆ ಕೇಳುತ್ತದೆ. ಬೆಳಗಿನ ಇಳಿತದ ಹೊತ್ತಿಗೆ ಬುಟ್ಟಿಗಟ್ಟಲೆ ಸತ್ತ ಮೀನು ತೋಡಿ ನೀರಿಗೆ ಸುರಿದಳು. ಈ ಕೊಲ್ಲಿಯಲ್ಲಿ ಹಿಂದಿನಿಂದ ಎಲ್ಲರೂ ಮಾಡಿಕೊಂಡು ಬಂದದ್ದು ಅದೇ. ಸತ್ತದ್ದನ್ನು ಕಡಲಿಗೆ ಕೊಟ್ಟರೆ ಕಡಲು ಒಯ್ಯುತ್ತದೆ.

ಆದರೆ ಅಂದಿನ ಇಳಿತ ಮೀನುಗಳನ್ನು ದೂರ ಒಯ್ಯಲಿಲ್ಲ. ಒಯ್ದು ಯುನ್‌ಶಿಯಾಳ ಪಂಜರಗಳಿಗೆ ಅಂಟಿಸಿತು. ಸತ್ತ ಮೀನುಗಳು ಅವಳ ಬಲೆಗೆ ಸಾಲಾಗಿ ಒರಗಿಕೊಂಡು ನಿಂತವು. ಬಾವೊಚಿನ್ ಅದನ್ನು ನೋಡಿದಳು. ನೋಡಿ ಕೂಗಬೇಕಿತ್ತು, ಕೊಕ್ಕೆಗೋಲು ಹಿಡಿದು ಓಡಬೇಕಿತ್ತು. ಒಂದು ಗಳಿಗೆ ಅವಳು ಕದಲಲಿಲ್ಲ. ಹೋಗಲಿ, ಅವಳಿಗೂ ಬರಲಿ ಎಂದು ಮನಸ್ಸು ಹೇಳಿತು, ಮತ್ತು ಹಾಗೆ ಹೇಳಿದ್ದು ಹಿತವಾಗಿತ್ತು. ಚಳಿಗಾಲದಿಂದ ಇಲ್ಲದ ನೆಮ್ಮದಿ ಆ ಗಳಿಗೆಯಲ್ಲಿ ಅವಳ ಎದೆಗೆ ಬಂತು. ಆಮೇಲೆ ತನ್ನ ಬಗ್ಗೆಯೇ ಅವಳಿಗೆ ಭಯವಾಯಿತು.

ಅಷ್ಟರಲ್ಲಿ ಯುನ್‌ಶಿಯಾ ಹೊರಗೆ ಬಂದಳು. ಬಲೆಗೆ ಅಂಟಿದ ಮೀನು ಒಂದನ್ನು ಎತ್ತಿ ತಿರುಗಿಸಿ ನೋಡಿದಳು. ಅದನ್ನು ಕೈಯಲ್ಲಿ ಹಿಡಿದೇ ಹಲಗೆ ದಾಟಿ ಬಂದಳು.

"ಅಕ್ಕ, ಇದ್ರ ಬಾಲ ಯಾಕೆ ಹೀಗಿದೆ? ಯಾರು ಕತ್ತರಿಸಿದ್ದು?"

"ನಾನೇ. ಯಾಕೆ, ಲಸಿಕೆ ನಿನ್ನ ಮೀನಿಗೆ ಮಾತ್ರ ಬರ್ಕೊಟ್ಟಿದಾರಾ?"

"ಲಸಿಕೆನಾ?"

"ನಾಟಕ ಮಾಡ್ಬೇಡ ಕಣೇ. ರೆಕ್ಕೆ ಕತ್ತರಿಸ್ಕೊಂಡೆ, ಮೀನು ಉಳಿಸ್ಕೊಂಡೆ. ಒಂದ್ ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಅವತ್ತಿಂದ ಇವತ್ತಿನ ತನಕ ನಾನು ಸಾಯೋದನ್ನ ನೋಡ್ಕೊಂಡು ಕೂತಿದ್ದೆ ನೀನು."

ಯುನ್‌ಶಿಯಾ ನಗುತ್ತಾಳೆ ಎಂದು ಬಾವೊಚಿನ್ ಅಂದುಕೊಂಡಿದ್ದಳು. ನಕ್ಕಿದ್ದರೆ ಒಂದು ಜಗಳವಾಡಿ ಮುಗಿಸಿಬಿಡಬಹುದಿತ್ತು. ಯುನ್‌ಶಿಯಾ ನಗಲಿಲ್ಲ. ಮೀನನ್ನು ನಿಧಾನಕ್ಕೆ ಬುಟ್ಟಿಗೆ ಹಾಕಿ ಅಲ್ಲೇ ಕುಕ್ಕರಿಸಿ ಕೂತಳು.

"ಅದು ಲಸಿಕೆ ಅಲ್ಲಕ್ಕ. ಆದ್ರೆ ನಾನು ಹೇಳದೇ ಇದ್ದದ್ದು ಒಂದಿದೆ. ನನ್ನ ಮರಿ ಕೇಂದ್ರದಿಂದ ತಂದದ್ದು, ರೋಗ ತಡ್ಕೊಳ್ಳೋ ಮೀನಿನ ವಂಶದ್ದು. ಅಲ್ಲಿ ಎಲ್ರಿಗೂ ಕೊಡ್ತಾರೆ. ನಾನು ಹೇಳ್ಬೋದಿತ್ತು. ಮದುವೆ ಆಗಿ ಬಂದಾಗಿಂದ ಈ ಮನೇಲಿ ಎಲ್ಲದ್ರಲ್ಲೂ ನೀವೇ ಮುಂದೆ. ಒಂದ್ ವರ್ಷ ಆದ್ರೂ ನಾನು ಮುಂದೆ ಇರ್ಬೇಕು ಅನ್ನಿಸ್ತು."

ಯುನ್‌ಶಿಯಾಳ ಮುಖದಲ್ಲಿ ಬಾವೊಚಿನ್‌ಗೆ ಕಂಡದ್ದು ತಾನು ಚೆನ್ನಾಗಿ ಬಲ್ಲ ಸಂಕಟವೇ. ಅಷ್ಟು ದಿನ ಅದು ತನ್ನೊಬ್ಬಳದೇ ಸ್ವತ್ತು ಎಂದುಕೊಂಡಿದ್ದಳು. ಅತ್ತೆ ದೂರದಿಂದಲೇ, ಇಬ್ಬರಿಗೂ ಸರಿಯಾಗಿ ಆಯಿತು, ಈಗಲಾದರೂ ಆ ಟೀಚರಮ್ಮನಿಗೆ ಫೋನ್ ಮಾಡಿ, ಉಳಿದ ನಾಲ್ಕು ಮೀನನ್ನಾದರೂ ಉಳಿಸಿ ಎಂದು ಗದರಿದಳು. ಫೋನ್ ಮಾಡಿದವನು ದೆಶೂ. ಅವನು ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಲಾನ್ ಟೀಚರ್ ಮಧ್ಯಾಹ್ನದೊಳಗೆ ಬಂದಳು. ಗುಡ್ಡದ ಮೇಲಿನ ಶೆ ಬುಡಕಟ್ಟಿನ ಹುಡುಗಿ, ಓದಿದವಳೆಂದು ಕೊಲ್ಲಿಯವರಿಗೆಲ್ಲ ಟೀಚರ್; ಮಾತು ಮೆತ್ತಗೆ, ಕೆಲಸ ಚುರುಕು. ಬಂದವಳು ಯಾರನ್ನೂ ಬೈಯಲಿಲ್ಲ. ಮೊದಲು ಸತ್ತ ಮೀನುಗಳನ್ನೆಲ್ಲ ನೀರಿನಿಂದ ತೆಗೆಸಿ ದಡಕ್ಕೆ ಕಳಿಸಿದಳು. ಸತ್ತದ್ದನ್ನು ನೀರಿಗೆ ಹಾಕಿದರೆ ರೋಗವನ್ನು ಪಕ್ಕದ ಮನೆಗೆ ಹೊತ್ತು ಹಾಕಿದ ಹಾಗೆ ಎಂದಳು. ಬಾವೊಚಿನ್ ತಲೆ ತಗ್ಗಿಸಿದಳು. ಆ ಗಳಿಗೆಯ ನೆಮ್ಮದಿ ಲಾನ್ ಟೀಚರ್‌ಗೆ ಗೊತ್ತಾಗಿಬಿಟ್ಟಿದೆಯೋ ಎಂದು ಅವಳಿಗೆ ಅನುಮಾನ.

ಆಮೇಲೆ ಲಾನ್ ಟೀಚರ್ ಹಳೆಯ ಬಲೆ ತೆಗೆಸಿದಳು. ಈ ಚುಕ್ಕೆ ತರುವ ಹುಳು ಕಣ್ಣಿಗೆ ಕಾಣದಷ್ಟು ಚಿಕ್ಕದು, ಮೀನಿನ ಮೈಯಿಂದ ಉದುರಿ ಬಲೆಯಲ್ಲಿ, ತಳದಲ್ಲಿ ಗೂಡು ಕಟ್ಟಿ, ಒಂದಕ್ಕೆ ನೂರಾಗಿ ಮತ್ತೆ ಮೀನಿಗೆ ಹತ್ತುತ್ತದೆ; ಇಕ್ಕಟ್ಟಾದ ಪಂಜರದಲ್ಲಿ ಅದಕ್ಕೆ ಹಬ್ಬ ಎಂದಳು. ಹೊಸ ಬಲೆ ಕಟ್ಟಬೇಕು, ಉಳಿದ ಮೀನುಗಳನ್ನು ಬಿಡುಬೀಸಾಗಿ ಹಂಚಬೇಕು, ಸೆಳೆತವಿರುವ ನೀರಿಗೆ ಸಾಗಿಸಬೇಕು. ಅಂಗಡಿಯವನು ಕೊಟ್ಟ ಕಂಡಕಂಡ ಪುಡಿ ಸುರಿಯಬಾರದು. ಸೆಳೆತವಿರುವ ನೀರು ಎಂದಾಗ ಬಾವೊಚಿನ್ ಯಾರ ಕಡೆಯೂ ನೋಡಲಿಲ್ಲ. ಯುನ್‌ಶಿಯಾ ತನ್ನ ಮೀನುಗಳಿಂದ ದೂರಕ್ಕೆ, ಹೊರಗಡೆಯ ಎರಡು ಚೌಕಟ್ಟು ಖಾಲಿ ಇವೆ, ಅಲ್ಲಿಗೆ ತನ್ನಿ ಎಂದಳು.

ಕೆಲಸವೆಲ್ಲ ಮುಗಿದು, ತೇಲುಮನೆಯ ಬಾಗಿಲಲ್ಲಿ ಕೂತು ಅಕ್ಕಿ ಶ್ಯಾವಿಗೆ ತಿನ್ನುವಾಗ ಬಾವೊಚಿನ್‌ಗೆ ತಡೆಯಲಾಗಲಿಲ್ಲ. ಲಸಿಕೆಯಲ್ಲದಿದ್ದರೆ ಆ ರೆಕ್ಕೆ ಕತ್ತರಿಸುವುದಾದರೂ ಯಾಕೆ ಎಂದು ಲಾನ್ ಟೀಚರನ್ನು ಕೇಳಿದಳು. ದನಿಯಲ್ಲಿ ಇನ್ನೂ ಸ್ವಲ್ಪ ಜಗಳವಿತ್ತು.

"ಬಾವೊಚಿನ್ ಅಕ್ಕ, ಆಸ್ಪತ್ರೇಲಿ ನಿಮ್ಮ ಬೆರಳಿಂದ ರಕ್ತ ತೆಗೀತಾರಲ್ವಾ? ತೆಗೆದ್ರೆ ಕಾಯಿಲೆ ವಾಸಿ ಆಗುತ್ತಾ?"

"ಅದು ಹೇಗಾಗುತ್ತೆ. ಅದು ನೋಡೋಕೆ."

"ಇದೂ ನೋಡೋಕೇ. ನಿಮ್ಮ ಮಗನಿಗೆ ನಿಮ್ಮ ಮೂಗು ಬಂದಿದೆ. ಅಪ್ಪ ಅಮ್ಮ ಕೊಟ್ಟಿದ್ದೆಲ್ಲ ಮೈಯೊಳಗೆ ಒಂದು ಬರಹದ ಥರ ಇರುತ್ತೆ. ಮೀನಿಗೂ ಇದೆ. ಯಾವ ತುಣುಕು ತಗೊಂಡ್ರೂ ಅದರಲ್ಲಿ ಪೂರ್ತಿ ಬರಹ ಇರುತ್ತೆ, ಅದಕ್ಕೇ ಅಕ್ಕಿಕಾಳಿನಷ್ಟು ಸಾಕು. ಆ ಬರಹಕ್ಕೆ ಜೀನೋಮ್ ಅಂತಾರೆ. ನಮ್ಮ ಹಳದಿ ಮೀನಿನ ಬರಹವನ್ನ ಈ ತುದಿಯಿಂದ ಆ ತುದಿಗೆ ಓದಿ ಆಗಿದೆ. ರೋಗದ ಜೊತೆ ಹೋರಾಡೋ ಸಾಲುಗಳು ಎಲ್ಲೆಲ್ಲಿವೆ ಅಂತ ಹುಡುಕ್ತಾ ಇದ್ದೀವಿ."

"ಎಲ್ಲಾ ಮೀನಲ್ಲೂ ಇದ್ರೆ ನನ್ನವು ಯಾಕೆ ಸತ್ತವು?"

"ಎಲ್ಲಾದ್ರಲ್ಲೂ ಒಂದೇ ಥರ ಇರಲ್ಲ. ಒಂದೇ ಪಂಜರದಲ್ಲಿ ಒಂದು ಸಾಯುತ್ತೆ, ಒಂದು ಉಳಿಯುತ್ತೆ, ನೀವೇ ನೋಡಿದೀರಿ. ಸತ್ತದ್ದರ ಬರಹ, ಬದುಕಿದ್ದರ ಬರಹ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ್ರೆ ವ್ಯತ್ಯಾಸ ತಿಳಿಯುತ್ತೆ. ಬದುಕೋ ಸಾಲುಗಳು ಜಾಸ್ತಿ ಇರೋ ಮೀನನ್ನೇ ತಾಯಿತಂದೆ ಮಾಡ್ತೀವಿ. ಯುನ್‌ಶಿಯಾ ಅವರ ಮರಿ ಅಂಥವು."

"ಹಾಗಾದ್ರೆ ರೆಕ್ಕೆ ಕೊಟ್ಟ ಮೀನಿಗೆ ಏನೂ ಸಿಗಲ್ವಾ?"

"ಏನೂ ಸಿಗಲ್ಲ. ಸಿಗೋದು ಮುಂದೆ ಹುಟ್ಟೋ ಮರಿಗಳಿಗೆ."

ಬಾವೊಚಿನ್ ಶ್ಯಾವಿಗೆಯ ಬಟ್ಟಲು ಕೆಳಗಿಟ್ಟಳು. ಇಡೀ ಚಳಿಗಾಲ ಅವಳು ಸುಟ್ಟುಕೊಂಡದ್ದು ಓರಗಿತ್ತಿಗೆ ಏನೋ ಸಿಕ್ಕಿದೆ, ತನಗೆ ಸಿಕ್ಕಿಲ್ಲ ಎಂದು. ಆ ಕತ್ತರಿಯಿಂದ ಯುನ್‌ಶಿಯಾಳ ಮೀನಿಗೂ ಸಿಕ್ಕಿದ್ದು ಏನೂ ಇಲ್ಲ. ಅವಳ ಮೀನು ಕೊಟ್ಟಿದ್ದವು, ಅಷ್ಟೆ. ಲಾನ್ ಟೀಚರ್ ಇನ್ನೊಂದು ಮಾತನ್ನೂ ಹೇಳಿದಳು: ಗಟ್ಟಿ ವಂಶದ ಮೀನು ಎಂದರೆ ಸಾವಿಲ್ಲದ ಮೀನಲ್ಲ, ಅದಕ್ಕೂ ರೋಗ ಬರುತ್ತದೆ, ಆದರೆ ಸಾಯುವುದು ಕಡಿಮೆ. ಪಂಜರ ತುರುಕಿ ತುಂಬಿದರೆ, ಬಲೆ ಬದಲಿಸದೆ ಬಿಟ್ಟರೆ ಯಾವ ವಂಶವೂ ಕಾಯುವುದಿಲ್ಲ.

ಹಬ್ಬದ ಹೊತ್ತಿಗೆ ಯುನ್‌ಶಿಯಾಳ ಪಂಜರಗಳಲ್ಲಿ ಅಲ್ಲೊಂದು ಇಲ್ಲೊಂದು ಮೀನು ಹೋಗಿತ್ತು; ಬಾವೊಚಿನ್‌ಳ ಹೊಸ ಬಲೆಯಲ್ಲಿ ಕೆಲವೇ ಮೀನು ಉಳಿದಿದ್ದವು. ಚುಕ್ಕೆ ಮಾಸಿತ್ತು, ಹರಿದ ಬಾಲ ಕೂಡಿಕೊಳ್ಳುತ್ತಿತ್ತು, ತಿನಿಸು ಹಾಕಿದರೆ ಮೇಲೆ ಬರುತ್ತಿದ್ದವು. ಅವುಗಳಲ್ಲಿ ಎರಡು ಬಹಳ ಚೆನ್ನಾಗಿದ್ದವು, ಉದ್ದಕ್ಕೆ, ಹೊನ್ನಿನಂತೆ, ತುಟಿ ಕೆಂಪಗೆ. ಬಾವೊಚಿನ್ ಅವನ್ನು ನೋಡಿ ನೋಡಿ ಇಟ್ಟುಕೊಂಡಿದ್ದಳು. ಇಷ್ಟೆಲ್ಲ ಹೋದರೂ ಬೀಗಿತ್ತಿಯ ಮನೆಗೆ ತನ್ನ ಪಂಜರದ ಜೊತೆಯೇ ಹೋಗುತ್ತದೆ ಎಂಬುದೊಂದೇ ಅವಳಿಗೆ ಉಳಿದ ಸಮಾಧಾನ.

ಅದೇ ವಾರ ಲಾನ್ ಟೀಚರ್ ಬಂದು ಆ ಮೀನುಗಳನ್ನು ಕೇಳಿದಳು. ರೋಗ ತಡೆದು, ಗಾಯ ತಡೆದು, ಇಕ್ಕಟ್ಟು ತಡೆದು ಉಳಿದ ಮೀನು ಕೊಲ್ಲಿಯಲ್ಲಿ ಎಲ್ಲೂ ಸಿಗುವುದಿಲ್ಲ ಎಂದಳು. ಎಲ್ಲದರ ಒಂದು ತುಣುಕು ಬೇಕು. ಓದಿ ನೋಡಿ ಒಳ್ಳೆಯದೆಂದು ಕಂಡರೆ ಮೀನುಗಳನ್ನೇ ತಾಯಿತಂದೆಯಾಗಿ ಇಟ್ಟುಕೊಳ್ಳುತ್ತೇವೆ ಎಂದಳು. ಬೇಕಿದ್ದರೆ ಎರಡನ್ನು ಹಬ್ಬಕ್ಕೆ ಇಟ್ಟುಕೊಳ್ಳಿ ಅಕ್ಕ, ಒತ್ತಾಯ ಇಲ್ಲ ಎಂದೂ ಸೇರಿಸಿದಳು. ಹೇಳುವಾಗ ಅವಳ ಕಣ್ಣು ಮಾತ್ರ ಆ ಎರಡು ಮೀನಿನ ಮೇಲೇ ಇತ್ತು.

ಬಾವೊಚಿನ್ ಆ ಹೊತ್ತು ಎಷ್ಟು ಒದ್ದಾಡಿದಳೆಂದು ಅವಳಿಗೇ ಗೊತ್ತು. ಬೀಗಿತ್ತಿಯ ಮನೆಯ ಹೆಂಗಸರು ಕಣ್ಣಮುಂದೆ ಬಂದರು. ಒಮ್ಮೆ ಕೊಡೋಣ ಎನ್ನಿಸುತ್ತಿತ್ತು, ಮರುಗಳಿಗೆಗೆ ನನ್ನ ಮೀನನ್ನು ನಾನೇ ಬಿಟ್ಟುಕೊಟ್ಟು ಯಾರದೋ ಮನೆಯ ಬಾಗಿಲಿಗೆ ಕೈಯೊಡ್ಡಲೇ ಎನ್ನಿಸುತ್ತಿತ್ತು. ದೆಶೂ, ಅತ್ತೆ ಇಬ್ಬರೂ ಅವಳ ಮುಖ ನೋಡುತ್ತಿದ್ದರು. ಕೊನೆಗೆ ಅವಳು ಎದ್ದು, ತೆಗೆದುಕೊಂಡು ಹೋಗಿ, ಎಲ್ಲವನ್ನೂ ತೆಗೆದುಕೊಂಡು ಹೋಗಿ ಎಂದಳು. ಆಮೇಲೆ ಹಲಗೆ ದಾಟಿ ಓರಗಿತ್ತಿಯ ತೆಪ್ಪಕ್ಕೆ ಹೋದಳು. ಪಾಲಾದ ಮೇಲೆ ಅವಳು ಏನನ್ನಾದರೂ ಕೇಳಲು ಆ ಹಲಗೆ ದಾಟಿದ್ದು ಅದೇ ಮೊದಲು.

"ಯುನ್‌ಶಿಯಾ, ಹಬ್ಬಕ್ಕೆ ಒಂದ್ ಜೊತೆ ಮೀನು ಬೇಕು ಕಣೇ."

"ಅದಕ್ಕೇನಕ್ಕ, ತಗೊಂಡು ಹೋಗಿ."

"ಚೆನ್ನಾಗಿರೋದು ಕೊಡು. ಅವರ ಮನೇಲಿ ನಿನ್ನ ಹೆಸರೇ ಹೇಳೋದು ನಾನು. ಸಣಕಲು ಕೊಟ್ರೆ ಮಾನ ಹೋಗೋದು ನಿಂದು."

ಯುನ್‌ಶಿಯಾ ತನ್ನ ಪಂಜರದ ಅತಿ ಒಳ್ಳೆಯ ಜೊತೆಯನ್ನೇ ಹಿಡಿದುಕೊಟ್ಟಳು. ಬಾವೊಚಿನ್ ಕೆಂಪು ದಾರ ಕಟ್ಟಿ, ಬಿದಿರೆಲೆಯಲ್ಲಿ ಸುತ್ತಿದ ಹಬ್ಬದ ಕಡುಬಿನ ಜೊತೆ ಬೀಗಿತ್ತಿಯ ಮನೆಗೆ ಒಯ್ದಳು. ಮೀನು ನೋಡಿದ ಹೆಂಗಸರ ಕಣ್ಣು ಅರಳಿದವು. ನಿಮ್ಮ ಪಂಜರದ್ದೇ ಎಂದು ಬೀಗಿತ್ತಿ ಕೇಳಿದಳು. ಹೌದು ಎಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಲ್ಲ, ನನ್ನ ಓರಗಿತ್ತಿಯ ಪಂಜರದ್ದು, ನನ್ನವು ಕೇಂದ್ರಕ್ಕೆ ತಾಯಿಮೀನಾಗಿ ಹೋಗಿವೆ ಎಂದಳು. ಮಾತಿನ ಮೊದಲರ್ಧವನ್ನು ಕೆಂಪು ದಾರದ ಗಂಟು ಸರಿಮಾಡುತ್ತ ಮೆಲ್ಲಗೆ ಹೇಳಿದಳು. ಎರಡನೇ ಅರ್ಧವನ್ನು ಅಡುಗೆಮನೆಯಲ್ಲಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

ಮುಂದಿನ ವಸಂತದಲ್ಲಿ ಕೇಂದ್ರದ ದೋಣಿ ಮರಿ ತಂದಿತು. ಅವುಗಳಲ್ಲಿ ಬಾವೊಚಿನ್‌ಳ ಮೀನಿನ ಮಕ್ಕಳೂ ಇದ್ದವು. ಕೊಲ್ಲಿಯವರು ಬಂದು ಮುತ್ತಿದರು, ಯಾವ ಪಂಜರದ ವಂಶ ಎಂದು ಕೇಳಿದರು, ಲಾನ್ ಟೀಚರ್ ಹೇಳಿದಳು. ಬಾವೊಚಿನ್ ಓರೆಗಣ್ಣಿನಿಂದ ಆಚೆ ನೋಡಿದಳು. ಯುನ್‌ಶಿಯಾ ತನ್ನ ತೆಪ್ಪದ ಮೇಲೆ ನಿಂತು, ತುಟಿ ಬಿಗಿಹಿಡಿದು, ಈ ಕಡೆಯನ್ನೇ ನೋಡುತ್ತಿದ್ದಳು. ಆ ನೋಟ ಬಾವೊಚಿನ್‌ಗೆ ಚಿರಪರಿಚಿತ. ಸುಳ್ಳು ಯಾಕೆ, ಸ್ವಲ್ಪ ಹೊತ್ತು ಅವಳು ಅದನ್ನು ಚೆನ್ನಾಗಿಯೇ ಸವಿದಳು. ಆಮೇಲೆ ಕೈ ಬೀಸಿ ಕರೆದಳು.

"ಮುಖ ಊದಿಸ್ಕೊಂಡು ಯಾಕೆ ನಿಂತಿದ್ದೀಯ? ಬುಟ್ಟಿ ತಗೊಂಡು ಬಾ. ಅರ್ಧ ನಿನ್ನ ಪಂಜರಕ್ಕೆ."

ಪಂಜರದಲ್ಲಿ ಮೀನು ಸಾಕುವ ಅಣ್ಣಂದಿರೇ, ಅಕ್ಕಂದಿರೇ, ಓದಿದಿರಲ್ಲ, ಈಗ ನಿಮ್ಮ ಸರದಿ. ಮರಿ ಕೊಳ್ಳುವಾಗ ಅದರ ತಾಯಿತಂದೆ ಯಾರೆಂದು ವಿಚಾರಿಸಿ, ರೋಗ ತಡೆಯುವ ವಂಶದ್ದು ಸಿಕ್ಕರೆ ಅದನ್ನೇ ತನ್ನಿ. ಪಂಜರ ಬಿಡುಬೀಸಾಗಿರಲಿ, ಬಲೆ ಬದಲಾಗುತ್ತಿರಲಿ. ಚುಕ್ಕೆ ಕಂಡ ದಿನವೇ ತಿಳಿದವರನ್ನು ಕರೆಯಿರಿ, ಸತ್ತ ಮೀನನ್ನು ನೀರಿಗೆ ಎಸೆಯಬೇಡಿ. ಕತ್ತರಿ ನಿಮ್ಮ ಕೈಯಲ್ಲಿ ಬೇಡ, ಆದರೆ ಸಂಶೋಧನೆಯವರು ತುಣುಕು ಕೇಳಿಕೊಂಡು ಬಂದರೆ ಇಲ್ಲ ಎನ್ನಬೇಡಿ. ಪಕ್ಕದವರ ಮೀನು ಯಾಕೆ ಬದುಕಿತು ಎಂದು ಹೊಟ್ಟೆ ಉರಿದರೆ ಉರಿಯಲಿ, ಅದನ್ನು ಯಾರೂ ತಡೆಯಲಾರರು. ಉರಿಯುತ್ತಿರುವಾಗಲೇ ಎದ್ದು ಹೋಗಿ ಅವರನ್ನು ಕೇಳಿ. ನಿಮ್ಮ ಮೀನು ಇನ್ನೂ ಬದುಕಿರುವಾಗಲೇ ಕೇಳಿ.